ಹಿಟ್ಟಿನ ಹುಂಜ, ಜಪಾನಿನ ಹುಂಜ

ಆಕಾಶಕ್ಕೆ ತಲೆ ತಾಗುವಂಥ ರಾಕ್ಷಸನೊಬ್ಬ ಜಪಾನಿನ ಒಂದು ಪಟ್ಟಣದ ನಡುಬೀದಿಯಲ್ಲಿ ನಿಂತು ಕಟ್ಟಡಗಳನ್ನು ಕೆಡವುತ್ತಿದ್ದಾನೆ. ಜನ ದಿಕ್ಕುಗೆಟ್ಟು ಓಡುತ್ತಿದ್ದಾರೆ. ಅವರ ಕಾಲುಗಳ ಸಂದಿಯಿಂದ, ಓಟಕ್ಕೆ ಎದುರಾಗಿ, ಒಂದು ಹುಂಜ ನಡೆದು ಬರುತ್ತದೆ. ಅದಕ್ಕೆ ಕವಚವಿಲ್ಲ, ಕತ್ತಿಯಿಲ್ಲ, ದೇವತೆಗಳ ವರವಿಲ್ಲ. ಸಂತೆಯಲ್ಲಿ ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದು ಒಯ್ಯುವಂಥ ಸಾಮಾನ್ಯ ಹುಂಜವದು. ಅದು ಕತ್ತೆತ್ತಿ ಒಮ್ಮೆ ಕೂಗುತ್ತದೆ. ಆ ಕೂಗಿಗೆ ರಾಕ್ಷಸ ಉರುಳುತ್ತಾನೆ. ಶೂ ಸಕುರಾತಾನಿ ಎಂಬ ಚಿತ್ರಕಥೆಗಾರರು 2020ರ ಕೊನೆಯಿಂದ ಬರೆದು ಚಿತ್ರಿಸುತ್ತಿರುವ ‘ನಿವಾತೋರಿ ಫೈಟರ್’ ಎಂಬ ಮಾಂಗಾದ, ಅಂದರೆ ಜಪಾನೀ ಚಿತ್ರಕಥೆಯ, ಸ್ವರೂಪವಿದು. ಇಂಗ್ಲಿಷಿನಲ್ಲಿ ಅದು ‘ರೂಸ್ಟರ್ ಫೈಟರ್’ ಎಂದು ಪ್ರಸಿದ್ಧವಾಯಿತು. ಸಾಂಜಿಗೆನ್ ಎಂಬ ಸ್ಟುಡಿಯೋ ಅದನ್ನು ಅನಿಮೆಯಾಗಿ, ಅಂದರೆ ಚಲಿಸುವ ಚಿತ್ರಗಳ ಸರಣಿಯಾಗಿ, ರೂಪಿಸಿದೆ.

ಈ ಕಥೆಯ ಸಾರಾಂಶವನ್ನು ಕೇಳಿದ ವಿದ್ವಜ್ಜನರ ಮುಖದಲ್ಲಿ ಮೊದಲು ಮೂಡುವುದು ಒಂದು ಕಿರುನಗೆ. ಅದರ ಬೆನ್ನಿಗೇ ಒಂದು ನಿಟ್ಟುಸಿರು. ಪಂಪ, ರನ್ನರನ್ನು ಓದಬೇಕಾದ ವಯಸ್ಸಿನ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಕೋಳಿಯ ಕಾಳಗ ನೋಡುತ್ತ ಕೂತಿದ್ದಾರೆಂಬ ಕೊರಗು ಆ ನಿಟ್ಟುಸಿರಿನಲ್ಲಿದೆ. ಕೊರಗಿಗೆ ಕಾರಣವಿಲ್ಲವೆಂದು ಯಾರೂ ಹೇಳಲಾರರು. ಆದರೆ ಈ ಕಥೆಯ ಬಗೆಗಿನ ತಾತ್ಸಾರಕ್ಕೆ ಕಾರಣ ಸಾಲದು. ಅಸಂಬದ್ಧವೆಂದು ತೋರುವ ಕಥೆಯೆಲ್ಲ ಹಗುರವಾದ ಕಥೆಯಲ್ಲ. ಕನ್ನಡ ಕಾವ್ಯಪರಂಪರೆಯನ್ನು ಓದಿಸುವವರಿಗಂತೂ ಹಾಗೆಂದು ತೀರ್ಮಾನಿಸುವ ಅಧಿಕಾರ ಎಲ್ಲರಿಗಿಂತ ಕಡಿಮೆ.

ಮೊದಲು ಕೃತಿಯ ಗುಣವನ್ನೇ ಪರಿಶೀಲಿಸಬೇಕು. ‘ನಿವಾತೋರಿ’ ಎಂದರೆ ಜಪಾನಿ ಭಾಷೆಯಲ್ಲಿ ಕೋಳಿ. ಪದವನ್ನು ಬಿಡಿಸಿದರೆ ‘ಅಂಗಳದ ಹಕ್ಕಿ’ ಎಂಬ ಅರ್ಥ ಬರುತ್ತದೆ. ಕಥಾನಾಯಕನಾದ ಹುಂಜದ ಹೆಸರು ಕೆಯ್ಜಿ. ತನ್ನ ಒಡಹುಟ್ಟಿದವಳನ್ನು ಕೊಂದ ಬಿಳಿಯ ರಾಕ್ಷಸನೊಬ್ಬನನ್ನು ಹುಡುಕುತ್ತ ಅದು ಊರಿಂದೂರಿಗೆ ಅಲೆಯುತ್ತದೆ. ಹೋದ ಊರಲ್ಲೆಲ್ಲ ಒಂದೊಂದು ರಾಕ್ಷಸನನ್ನು ಎದುರಿಸುತ್ತದೆ. ಗೆದ್ದ ಮೇಲೆ ಹೊಗಳಿಕೆಗೆ ಕಾಯದೆ ಮುಂದಿನ ಊರಿನ ದಾರಿ ಹಿಡಿಯುತ್ತದೆ. ಜಪಾನಿನ ಹಳೆಯ ಕತ್ತಿವರಸೆಯ ಚಲನಚಿತ್ರಗಳಲ್ಲಿ ಬರುವ ಒಂಟಿ ಅಲೆಮಾರಿ ವೀರನ ನಡೆಯೇ ಇದು. ವ್ಯತ್ಯಾಸವೆಂದರೆ ಆ ವೀರನ ಜಾಗದಲ್ಲಿ ಇಲ್ಲಿ ಹುಂಜವಿದೆ. ಉಳಿದುದೆಲ್ಲವೂ ಇದ್ದಂತೆಯೇ ಇದೆ: ಅದೇ ಮೌನ, ಅದೇ ಬಿಗುಮಾನ, ಗಾಳಿಗೆ ಎದೆಯೊಡ್ಡಿ ನಿಲ್ಲುವ ಅದೇ ಭಂಗಿ.

ಈ ಕೃತಿ ನಗಿಸುವ ಬಗೆ ವಿಚಾರಯೋಗ್ಯವಾದುದು. ಹುಂಜಕ್ಕೆ ಅಂಗಿ ತೊಡಿಸಿ, ಎರಡು ಕೈ ಅಂಟಿಸಿ, ಮನುಷ್ಯನ ಹಾಗೆ ಕಣ್ಣು ಮಿಟುಕಿಸುವಂತೆ ಬರೆದಿದ್ದರೆ ಅದು ಸಾವಿರ ವ್ಯಂಗ್ಯಚಿತ್ರಗಳಲ್ಲಿ ಮತ್ತೊಂದಾಗುತ್ತಿತ್ತು. ಸಕುರಾತಾನಿ ಹಾಗೆ ಮಾಡಲಿಲ್ಲ. ಅವರ ಹುಂಜ ಕೊನೆಯವರೆಗೂ ಹುಂಜವೇ. ಒಂದೊಂದು ಗರಿಯನ್ನೂ, ಕಾಲಿನ ಹುರುಪೆಯನ್ನೂ, ಜುಟ್ಟಿನ ಮಡಿಕೆಯನ್ನೂ ಪಕ್ಷಿಶಾಸ್ತ್ರದ ಗ್ರಂಥಕ್ಕೆ ಬರೆದಂತೆ ಬರೆದಿದ್ದಾರೆ. ಕಥೆ ಹೇಳುವ ದನಿಯೂ ಎಲ್ಲಿಯೂ ನಗುವುದಿಲ್ಲ. ರಾಕ್ಷಸನ ಎದುರು ಹುಂಜ ನಿಂತ ಗಳಿಗೆಯನ್ನು ಕುರುಕ್ಷೇತ್ರದ ಗಳಿಗೆಯಷ್ಟೇ ಗಂಭೀರವಾಗಿ ಕಾಣಿಸಲಾಗಿದೆ. ನಗುವುದು ಓದುಗ ಮಾತ್ರ. ಹಾಗೆ ನಗುತ್ತ ನಗುತ್ತ, ಯಾವುದೋ ಒಂದು ಪುಟದಲ್ಲಿ, ಈ ಹಕ್ಕಿ ಸೋಲದಿರಲೆಂದು ತಾನು ಹಾರೈಸುತ್ತಿರುವುದು ಅವನ ಅರಿವಿಗೆ ಬರುತ್ತದೆ. ಕಥನಕಲೆಯ ಹಳೆಯ ಗುಟ್ಟು ಇಲ್ಲಿದೆ. ನಂಬಲಾಗದುದನ್ನು ಹೇಳುವವನು ತಾನು ಮೊದಲು ನಂಬಬೇಕು; ಒಮ್ಮೆ ಹಾಕಿಕೊಂಡ ನಿಯಮವನ್ನು ಕೊನೆಯವರೆಗೂ ಮುರಿಯಬಾರದು. ಹುಂಜಕ್ಕೆ ಇರುವುದು ಕೊಕ್ಕು, ಕಾಲು, ರೆಕ್ಕೆ, ಕಂಠ; ಗೆಲ್ಲುವುದಾದರೆ ಅಷ್ಟರಿಂದಲೇ ಗೆಲ್ಲಬೇಕು.

ಇನ್ನು ಆ ರಾಕ್ಷಸರು. ಅವರು ಬೇರೆ ಲೋಕದಿಂದ ಇಳಿದು ಬಂದವರಲ್ಲ. ಒಳಗೇ ಕುದಿದ ಅಸಮಾಧಾನ, ಅವಮಾನ, ತೀರದ ಆಸೆಗಳು ಬೆಳೆದು ವಿಕಾರಗೊಂಡ ಮನುಷ್ಯರೇ ಅವರು. ನಗರದಲ್ಲಿ ಯಾರ ಕಿವಿಗೂ ಬೀಳದೆ ಉಳಿದ ಗೊಣಗಾಟ ಕಟ್ಟಡದಷ್ಟು ಎತ್ತರವಾಗಿ ಎದ್ದು ನಿಂತಿದೆ. ಅದರೆದುರು ನಿಲ್ಲುವ ಜೀವಿಗೆ ಯಾವ ಅತಿಮಾನುಷ ಸಿದ್ಧಿಯೂ ಇಲ್ಲ. ತಾನು ದಿನವೂ ಮಾಡುವ ಕೆಲಸವನ್ನೇ, ಅಂದರೆ ಕೂಗುವುದನ್ನೇ, ಅದು ಮಾಡುತ್ತದೆ. ಅತಿ ದೊಡ್ಡ ದುಃಖದ ಎದುರಿಗೆ ಅತಿ ಸಾಮಾನ್ಯ ಕರ್ತವ್ಯವನ್ನು ನಿಲ್ಲಿಸಿದ ಈ ಕಲ್ಪನೆ ಮೇಲುನೋಟಕ್ಕೆ ತಮಾಷೆ. ತುಸು ನಿಂತು ಯೋಚಿಸಿದರೆ ತಮಾಷೆಯಷ್ಟೇ ಅಲ್ಲ.

ಹುಂಜದ ಕೂಗಿಗೆ ಕತ್ತಲನ್ನು ಓಡಿಸುವ ಶಕ್ತಿಯಿದೆಯೆಂಬ ಭಾವನೆ ಸಕುರಾತಾನಿಯವರ ಸ್ವಂತ ಆವಿಷ್ಕಾರವಲ್ಲ. ಜಪಾನಿನ ಅತಿ ಪ್ರಾಚೀನ ಗ್ರಂಥವೆನಿಸಿದ, ಕ್ರಿ.ಶ. 712ರಲ್ಲಿ ಸಂಕಲಿತವಾದ ‘ಕೊಜಿಕಿ’ಯಲ್ಲಿ ಸೂರ್ಯದೇವಿ ಅಮತೆರಾಸುವಿನ ಪ್ರಸಿದ್ಧ ಕಥೆಯೊಂದಿದೆ. ತಮ್ಮನಾದ ಸುಸಾನೊವಿನ ಉಪಟಳದಿಂದ ಬೇಸತ್ತ ದೇವಿ ಗುಹೆಯೊಂದನ್ನು ಹೊಕ್ಕು ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಲೋಕ ಕತ್ತಲಾಗುತ್ತದೆ. ದೇವತೆಗಳೆಲ್ಲ ಸೇರಿ, ದೀರ್ಘವಾಗಿ ಕೂಗುವ ಹಕ್ಕಿಗಳನ್ನು ತಂದು ಕೂಗಿಸುತ್ತಾರೆ. ಉಜುಮೆ ಎಂಬ ದೇವತೆ ಮಗುಚಿದ ತೊಟ್ಟಿಯ ಮೇಲೆ ಹತ್ತಿ ಹುಚ್ಚುಹುಚ್ಚಾಗಿ ಕುಣಿಯುತ್ತಾಳೆ; ಅದನ್ನು ಕಂಡು ದೇವಸಮೂಹ ಗಹಗಹಿಸಿ ನಗುತ್ತದೆ. ಲೋಕವೆಲ್ಲ ಕತ್ತಲಲ್ಲಿರುವಾಗ ಇದೇನು ನಗೆಯೆಂಬ ಕುತೂಹಲದಿಂದ ಸೂರ್ಯದೇವಿ ಬಾಗಿಲನ್ನು ತುಸುವೇ ಸರಿಸುತ್ತಾಳೆ, ಬೆಳಕು ಮರಳುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಸೂರ್ಯನನ್ನು ಮರಳಿ ಕರೆತಂದ ಆ ಏರ್ಪಾಟಿನಲ್ಲಿ ಕೋಳಿಯ ಕೂಗೂ ಇದೆ, ಹುಚ್ಚಾಟದ ನಗೆಯೂ ಇದೆ. ಹಾಸ್ಯಾಸ್ಪದವೂ ಪವಿತ್ರವೂ ಅಲ್ಲಿ ಒಂದೇ ಅಂಗಳದಲ್ಲಿ ನಿಂತಿವೆ.

ಉತ್ತರ ಜಪಾನಿನ ಓಗಾ ಎಂಬಲ್ಲಿ ಇನ್ನೊಂದು ಐತಿಹ್ಯವಿದೆ. ಹಳ್ಳಿಗರನ್ನು ಪೀಡಿಸುತ್ತಿದ್ದ ರಾಕ್ಷಸರಿಗೆ ಊರವರು ಒಂದು ಪಂಥ ಒಡ್ಡಿದರಂತೆ: ಒಂದೇ ರಾತ್ರಿಯಲ್ಲಿ, ಕೋಳಿ ಕೂಗುವ ಮೊದಲು, ಗುಡಿಯವರೆಗೆ ಸಾವಿರ ಕಲ್ಲಿನ ಮೆಟ್ಟಿಲುಗಳನ್ನು ಕಟ್ಟಿ ಮುಗಿಸಬೇಕು. ರಾಕ್ಷಸರು 999 ಮೆಟ್ಟಿಲುಗಳನ್ನು ಕಟ್ಟಿದರು. ಆಗ ಹಳ್ಳಿಗನೊಬ್ಬ ಹುಂಜದ ದನಿಯಲ್ಲಿ ಕೂಗಿದ. ಬೆಳಗಾಯಿತೆಂದು ಬೆದರಿ ರಾಕ್ಷಸರು ಓಡಿಹೋದರು. ಇಂಥ ಐತಿಹ್ಯಗಳನ್ನು ಕೇಳಿ ಬೆಳೆದ ನಾಡಿನಲ್ಲಿ ರಾಕ್ಷಸಾಂತಕನಾದ ಹುಂಜವೊಂದು ಚಿತ್ರಕಥೆಯ ನಾಯಕನಾದುದರಲ್ಲಿ ಅಚ್ಚರಿಯೇನೂ ಇಲ್ಲ. ಹೊರಗಿನವರಿಗೆ ಅಸಂಬದ್ಧವೆಂದು ಕಾಣುವುದು ಒಳಗಿನವರಿಗೆ ಅಜ್ಜಿಯ ಕಥೆಯ ಮುಂದುವರಿಕೆ.

ಕನ್ನಡ ಮತ್ತು ಮರಾಠಿ ಲೋಕಗಳು ಹುಂಜವನ್ನು ಕಂಡ ಬಗೆ ಇದಕ್ಕೆ ತದ್ವಿರುದ್ಧ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು, ತನ್ನ ಒಲೆಯ ಕೆಂಡವಿಲ್ಲದಿದ್ದರೆ ಊರಿಗೆ ಬೆಂಕಿಯಿಲ್ಲ ಎಂದು ಬಗೆದು, ಮುನಿಸಿನಿಂದ ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಊರು ಬಿಟ್ಟು ಹೋದ ಮುದುಕಿಯ ಕಥೆಯನ್ನು ಕೇಳದ ಕನ್ನಡ ಮಗು ವಿರಳ. ಮರಾಠಿಯ ಗಾದೆಯೂ ಅದನ್ನೇ ಇನ್ನೊಂದು ಕಡೆಯಿಂದ ಹೇಳುತ್ತದೆ: ‘ಕೋಂಬಡೇ ಝಾಕಲೇ ಮ್ಹಣೂನ ಉಜಾಡಾಯಚೇ ರಾಹತ ನಾಹೀ’, ಕೋಳಿಯನ್ನು ಬುಟ್ಟಿಯಡಿ ಮುಚ್ಚಿಟ್ಟ ಮಾತ್ರಕ್ಕೆ ಬೆಳಗಾಗದೆ ಉಳಿಯದು. ಕನ್ನಡದ ಕಥೆ ಜಂಬದವರನ್ನು ಎಚ್ಚರಿಸುತ್ತದೆ. ಮರಾಠಿಯ ಗಾದೆ ಸತ್ಯವನ್ನು ಮುಚ್ಚಿಡುವವರನ್ನು ಎಚ್ಚರಿಸುತ್ತದೆ. ಎರಡರ ನೆಲೆಯೂ ಒಂದೇ: ಸೂರ್ಯೋದಯಕ್ಕೂ ಕೋಳಿಗೂ ಕಾರ್ಯಕಾರಣ ಸಂಬಂಧವಿಲ್ಲ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಮನೆಗಳಲ್ಲಿ ಈ ಎರಡೂ ಮಾತುಗಳು ಒಂದೇ ಕಟ್ಟೆಯ ಮೇಲೆ ಕೂತು ಬಾಳಿವೆ.

ಹಾಗಾದರೆ ಜಪಾನಿನ ಹುಂಜದ ಕಥೆ ಆ ಮುದುಕಿಯ ಭ್ರಮೆಯನ್ನೇ ವೈಭವೀಕರಿಸುತ್ತಿದೆಯೇ? ಹಾಗೆಂದು ತೋರಬಹುದು, ಆದರೆ ವ್ಯತ್ಯಾಸ ಸೂಕ್ಷ್ಮವಾಗಿದೆ. ಮುದುಕಿ ಬೆಳಗನ್ನು ತನ್ನ ಆಸ್ತಿಯೆಂದು ತಿಳಿದಳು; ಆದ್ದರಿಂದಲೇ ಅದನ್ನು ಊರಿಗೆ ನಿರಾಕರಿಸಲು ಹೊರಟಳು. ಕೆಯ್ಜಿ ಬೆಳಗನ್ನು ತನ್ನ ಹೊಣೆಯೆಂದು ತಿಳಿದಿದೆ; ಆದ್ದರಿಂದ ಅದು ಕೂಗದೆ ಇರಲಾರದು. ಕೋಳಿ ಕೂಗದಿದ್ದರೂ ಬೆಳಗಾಗುತ್ತದೆಂಬ ತಿಳಿವಳಿಕೆ ವಿವೇಕವೇ ಸರಿ. ಆದರೆ ಅದೇ ವಿವೇಕ ಕೆಲವೊಮ್ಮೆ ಸೋಮಾರಿತನಕ್ಕೂ ನೆಪವಾಗುತ್ತದೆ. ತಾನು ಕಲಿಸದಿದ್ದರೂ ಭಾಷೆ ಉಳಿಯುತ್ತದೆ, ತಾನು ಓದದಿದ್ದರೂ ಪುಸ್ತಕ ಇರುತ್ತದೆ, ತಾನು ದನಿಯೆತ್ತದಿದ್ದರೂ ನ್ಯಾಯ ತಾನಾಗಿ ಬರುತ್ತದೆ ಎಂದು ಕೈಕಟ್ಟಿ ಕೂರುವವರ ಬಾಯಲ್ಲಿಯೂ ಅದೇ ಗಾದೆಯಿರುತ್ತದೆ. ಬೆಳಗು ತನ್ನ ಮೇಲೆಯೇ ನಿಂತಿದೆಯೋ ಎಂಬಂತೆ ದಿನವೂ ಎದ್ದು ಕೂಗುವ ಹುಂಜ ನಗೆಪಾಟಲಿಗೆ ಈಡಾದೀತು. ಆದರೆ ಲೋಕದ ಬಹಳಷ್ಟು ಕೆಲಸ ನಡೆಯುವುದು ಅಂಥವರಿಂದಲೇ. ಹತ್ತು ಮಕ್ಕಳೂ ಇಲ್ಲದ ತರಗತಿಯಲ್ಲಿ ಹಾಜರಿ ಕರೆದು ಪಾಠ ಆರಂಭಿಸುವ ಗಡಿಯ ಕನ್ನಡ ಶಾಲೆಯ ಮಾಸ್ತರರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಸಂಬದ್ಧ ಪ್ರಾಣಿಕಥೆಯನ್ನು ಕಂಡು ಮುಖ ತಿರುಗಿಸುವ ಕನ್ನಡ ವಿದ್ವಾಂಸರು ನೆನೆಯಬೇಕಾದ ಇನ್ನೊಂದು ಹುಂಜವಿದೆ, ಅದು ಕ್ರಿ.ಶ. 1209ರ ಹೊತ್ತಿನ ಜನ್ನನ ‘ಯಶೋಧರ ಚರಿತೆ’ಯಲ್ಲಿ ಕೂಗಿದ ಹುಂಜ. ಕೇಡಿನ ಕನಸಿನ ಶಾಂತಿಗೆಂದು ತಾಯಿ ಚಂದ್ರಮತಿ ಬಲಿ ಕೊಡಬೇಕೆನ್ನುತ್ತಾಳೆ. ಜೀವಹಿಂಸೆಗೆ ಯಶೋಧರ ಒಪ್ಪಲಾರ. ಇಬ್ಬರ ಮಾತೂ ನಿಲ್ಲುವಂತೆ ಹಿಟ್ಟಿನಿಂದ ಒಂದು ಹುಂಜವನ್ನು ಮಾಡಿ ಬಲಿಗೆ ಒಡ್ಡುತ್ತಾರೆ. ಅದರೊಳಗೆ ಬೆಂತರವೊಂದು ಸೇರಿಕೊಂಡಿರುತ್ತದೆ. ಕತ್ತಿ ಬೀಳುವ ಗಳಿಗೆಯಲ್ಲಿ ಹಿಟ್ಟಿನ ಹುಂಜ ಕೂಗುತ್ತದೆ. ಆ ಕೂಗಿನಿಂದ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ಪ್ರಾಣಿಜನ್ಮಗಳ ಸುಳಿಗೆ ಬೀಳುತ್ತಾರೆ. ಕಟ್ಟಕಡೆಗೆ ಅವರೇ ಕೋಳಿಗಳಾಗಿ ಹುಟ್ಟಿ, ಧರ್ಮಶ್ರವಣದ ಹರ್ಷದಿಂದ ಕೂಗಿ, ಆ ದನಿಯನ್ನೇ ಗುರಿಯಾಗಿಸಿ ಬಿಟ್ಟ ಬಾಣಕ್ಕೆ ಸಾಯುತ್ತಾರೆ. ಆಮೇಲೆ ಅಭಯರುಚಿ, ಅಭಯಮತಿಯರಾಗಿ ಮನುಷ್ಯಜನ್ಮ ಪಡೆಯುತ್ತಾರೆ.

ಕಾವ್ಯವನ್ನು ಅರಿಯದವನೊಬ್ಬನಿಗೆ ಈ ಸಾರಾಂಶವನ್ನಷ್ಟೇ ಹೇಳಿದರೆ ಅವನಿಗೂ ಅದೇ ಕಿರುನಗೆ ಬಂದೀತು. ಹಿಟ್ಟಿನ ಕೋಳಿ ಕೂಗಿತೇ? ರಾಜನೊಬ್ಬ ನವಿಲಾಗಿ ಹುಟ್ಟಿದನೇ? ಆದರೆ ಜನ್ನ ಆ ಕೂಗನ್ನು ನಗೆಯ ವಸ್ತುವಾಗಿ ಕಾಣಲಿಲ್ಲ. ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬ ದಾರುಣ ಸತ್ಯವನ್ನು ಆ ಒಂದು ಕೂಗಿನ ಮೇಲೆ ನಿಲ್ಲಿಸಿದ. ಏಳು ಶತಮಾನಗಳು ಕಳೆದ ಮೇಲೆಯೂ ಗಿರೀಶ ಕಾರ್ನಾಡರಂಥ ನಾಟಕಕಾರರಿಗೆ ಆ ಕೂಗು ಕೇಳಿಸುತ್ತಲೇ ಇತ್ತು. ‘ಹಿಟ್ಟಿನ ಹುಂಜ’ ನಾಟಕ ಅದಕ್ಕೆ ಸಾಕ್ಷಿ. ಎರಡು ಹುಂಜಗಳ ಕಾವ್ಯಮೌಲ್ಯ ಒಂದೇ ಎಂದು ಇಲ್ಲಿ ವಾದಿಸುತ್ತಿಲ್ಲ. ಜನ್ನನ ಕೂಗು ಕೇಳಿದವನ ಆತ್ಮಸಾಕ್ಷಿಯನ್ನು ಇರಿಯುತ್ತದೆ. ಸಕುರಾತಾನಿಯವರ ಕೂಗು ಎದುರಾಳಿಯ ದೇಹವನ್ನು ಉರುಳಿಸುತ್ತದೆ. ಮೊದಲನೆಯದು ಕರುಣೆಯ ಕಡೆಗೆ ಒಯ್ದರೆ ಎರಡನೆಯದು ಬಹುಮಟ್ಟಿಗೆ ಸೇಡಿನ ದಾರಿಯಲ್ಲಿದೆ. ಆದರೆ ಎರಡೂ ಕೃತಿಗಳು ಓದುಗನಿಂದ ಕೇಳುವ ಮೊದಲ ಒಪ್ಪಂದ ಒಂದೇ: ಈ ಹಕ್ಕಿ ಕೂಗಿದರೆ ಲೋಕ ಬದಲಾಗುತ್ತದೆಂದು ಒಪ್ಪಿಕೋ, ಮುಂದಿನದನ್ನು ಕೇಳು. ಆ ಒಪ್ಪಂದಕ್ಕೆ ಹಳಗನ್ನಡದಲ್ಲಿ ಸಹಿ ಹಾಕಿದವರು ಅನಿಮೆಯ ಎದುರು ಮಾತ್ರ ತಲೆಯಾಡಿಸುವುದು ನ್ಯಾಯವಲ್ಲ.

ಕೃತಿಯ ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ಒಂದೇ ಹಾಸ್ಯವನ್ನು ಹಲವು ಸಲ ಹೇಳಿದಾಗ ಅದರ ಮೊನೆ ಮಂಡಾಗುತ್ತದೆ. ಊರು, ರಾಕ್ಷಸ, ಕಾಳಗ, ಕೂಗು ಎಂಬ ಅಚ್ಚು ಮರುಕಳಿಸಿದಂತೆ ದಣಿವೂ ಬರುತ್ತದೆ. ನಾಯಕನ ಗಂಡುಗರ್ವವನ್ನು ಅಣಕಿಸುತ್ತಿರುವುದೋ ಮೆಚ್ಚುತ್ತಿರುವುದೋ ಎಂಬುದು ಕೆಲವೆಡೆ ಸ್ಪಷ್ಟವಾಗುವುದಿಲ್ಲ. ಹಿಂಸೆಯ ಚಿತ್ರಣವೂ ಧಾರಾಳವಾಗಿದೆ. ಇದು ಚಿಕ್ಕ ಮಕ್ಕಳಿಗೆಂದು ಮಾಡಿದ ಕೃತಿಯಲ್ಲ, ಬೆಳೆದವರಿಗೆಂದು ಮಾಡಿದ್ದು. ಚಿತ್ರ ಕಂಡೊಡನೆ ಮಕ್ಕಳದ್ದೆಂದು ತಿಳಿಯುವ ಹಿರಿಯರು ಈ ಮಾತನ್ನು ನೆನಪಿಡಬೇಕು. ಆದರೆ ಇವೆಲ್ಲ ಕೃತಿಯನ್ನು ನೋಡಿದ ಮೇಲೆ ಹೇಳಬೇಕಾದ ಮಾತುಗಳು. ನೋಡದೆಯೇ ಕೈಬಿಡುವುದು ವಿಮರ್ಶೆಯ ಕ್ರಮವಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಪ್ರಾಣಿಯನ್ನು ವೀರನನ್ನಾಗಿಸಿ ಕಾಳಗಕ್ಕೆ ಇಳಿಸುವುದು ಎಳೆಯ ಮನಸ್ಸಿನಲ್ಲಿ ಯುದ್ಧದ ಬಗೆಗಿನ ಹೇಸಿಗೆಯನ್ನು ಅಳಿಸುವುದಿಲ್ಲವೇ? ಆಕ್ಷೇಪದಲ್ಲಿ ಹುರುಳಿದೆ, ಅದಕ್ಕೆ ಸಾಕ್ಷಿಯೂ ಜಪಾನಿನ ಇತಿಹಾಸದಲ್ಲಿಯೇ ಇದೆ. ಪೀಚ್ ಹಣ್ಣಿನಿಂದ ಹುಟ್ಟಿದ ಮೊಮೊತಾರೊ ಎಂಬ ಹುಡುಗ ನಾಯಿ, ಕೋತಿ ಮತ್ತು ಕೋಳಿಯ ಜಾತಿಗೇ ಸೇರಿದ ಫೆಸೆಂಟ್ ಹಕ್ಕಿಯನ್ನು ಜೊತೆಗೆ ಕರೆದುಕೊಂಡು ದ್ವೀಪದ ರಾಕ್ಷಸರನ್ನು ಗೆಲ್ಲುವ ಕಥೆ ಅಲ್ಲಿ ಮನೆಮಾತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿನ ನೌಕಾಪಡೆ ಆ ಕಥೆಯನ್ನು ಎತ್ತಿಕೊಂಡಿತು. ಸೆವೊ ಮಿತ್ಸುಯೊ ನಿರ್ದೇಶಿಸಿದ, 1945ರಲ್ಲಿ ತೆರೆಕಂಡ ಮೊಮೊತಾರೊ ಚಲನಚಿತ್ರ ಜಪಾನಿನ ಮೊದಲ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವೆನಿಸಿದೆ. ಅದರಲ್ಲಿ ಮುದ್ದಾದ ಪ್ರಾಣಿಗಳು ಸಮವಸ್ತ್ರ ತೊಟ್ಟು, ವಿಮಾನದಿಂದ ಪ್ಯಾರಾಶೂಟಿನಲ್ಲಿ ಇಳಿದು ಶತ್ರುಗಳನ್ನು ಸೋಲಿಸುತ್ತವೆ. ಅದೇ ಚಿತ್ರದಲ್ಲಿ ದಕ್ಷಿಣದ ದ್ವೀಪದ ಪ್ರಾಣಿಗಳಿಗೆ ಜಪಾನಿ ಅಕ್ಷರಮಾಲೆಯನ್ನು ಹಾಡಿನ ಮೂಲಕ ಕಲಿಸುವ ದೃಶ್ಯವೊಂದಿದೆ. ಹಾಡು ಇಂಪಾಗಿದೆ, ಕಲಿಯುವ ಪ್ರಾಣಿಗಳು ನಲಿಯುತ್ತವೆ. ಆದರೆ ಆ ಪ್ರಾಣಿಗಳು ತಮ್ಮ ಸ್ವಂತ ಭಾಷೆಯಲ್ಲಿ ಏನು ಹಾಡುತ್ತಿದ್ದವೆಂದು ಚಿತ್ರ ಕೇಳುವುದಿಲ್ಲ.

ಭಾಷೆಯ ಅಂಚಿನಲ್ಲಿ ಬಾಳುವವರಿಗೆ ಆ ದೃಶ್ಯ ಬೇರೆಯವರಿಗೆ ತಾಗುವುದಕ್ಕಿಂತ ಹೆಚ್ಚು ತಾಗುತ್ತದೆ. ಅದರಿಂದ ಕಲಿಯಬೇಕಾದ ವಿವೇಕವೂ ಇದೆ. ಅಪಾಯವಿರುವುದು ಪ್ರಾಣಿಕಥೆಯ ಅಸಂಬದ್ಧತೆಯಲ್ಲಿ ಅಲ್ಲ. 1945ರ ಚಿತ್ರ ಪ್ರಾಣಿಗಳ ಮುದ್ದುತನವನ್ನು ಮುಂದಿಟ್ಟು ಪ್ರಭುತ್ವದ ಆಜ್ಞೆಯನ್ನು ಮರೆಯಲ್ಲಿ ಸಾಗಿಸಿತು. ಅಲ್ಲಿ ಯಾರೂ ಸೇನಾಪತಿಯನ್ನು ನೋಡಿ ನಗುವಂತಿರಲಿಲ್ಲ. ಹುಂಜದ ಕಥೆ ತನ್ನ ನಾಯಕನನ್ನು ನೋಡಿ ನಗಲು ಓದುಗನಿಗೆ ಮೊದಲ ಪುಟದಲ್ಲೇ ಅನುಮತಿ ಕೊಡುತ್ತದೆ. ಹಯಾವೊ ಮಿಯಾಜಾಕಿಯವರ 1992ರ ‘ಪೊರ್ಕೊ ರೊಸ್ಸೊ’ದಲ್ಲಿ ಹಂದಿಯ ಮುಖದ ವೈಮಾನಿಕನೊಬ್ಬ ಇಟಲಿಯ ಫ್ಯಾಸಿಸ್ಟರ ವಾಯುಪಡೆಗೆ ಮರಳಲು ಒಪ್ಪದೆ ಏಡ್ರಿಯಾಟಿಕ್ ಸಮುದ್ರದ ಮೇಲೆ ಒಂಟಿಯಾಗಿ ಹಾರುತ್ತಾನೆ. ಇಸಾವೊ ತಕಹಾತಾ ಅವರ 1994ರ ‘ಪೊಂ ಪೊಕೊ’ದಲ್ಲಿ ತಾನುಕಿ ಎಂಬ ಕಾಡುಪ್ರಾಣಿಗಳು ಟೋಕಿಯೋ ಬಳಿಯ ತಾಮಾ ಬೆಟ್ಟಗಳನ್ನು ಕಡಿದು ಹೊಸ ನಗರ ಕಟ್ಟುವವರ ವಿರುದ್ಧ ಸೋಲುವ ಹೋರಾಟ ನಡೆಸುತ್ತವೆ. ನಗಲು ಎಡೆಯಿರುವ ಕಡೆ ಪ್ರಶ್ನೆಗೂ ಎಡೆಯಿರುತ್ತದೆಂಬುದಕ್ಕೆ ಈ ಎರಡು ಚಿತ್ರಗಳು ಸಾಕು.

ಕೊನೆಗೆ, ಹುಂಜದ ಆಯುಧವಾದ ಆ ಕೂಗಿನ ಮಾತು. ಜಪಾನಿನ ಹುಂಜ ‘ಕೊಕೆಕೊಕ್ಕೋ’ ಎನ್ನುತ್ತದೆ. ಕನ್ನಡದ ಹುಂಜ ‘ಕೊಕ್ಕೊಕ್ಕೋ’ ಎನ್ನುತ್ತದೆ. ಮರಾಠಿಯದು ‘ಕುಕೂಚಕೂ’, ಹಿಂದಿಯದು ‘ಕುಕಡೂಕೂ’. ಹಕ್ಕಿ ಒಂದೇ, ಕಂಠವೂ ಒಂದೇ. ಕೇಳುವ ಕಿವಿ ಬೇರೆ. ಇಂಥ ಪದಗಳನ್ನು ಕನ್ನಡ ವ್ಯಾಕರಣ ಅನುಕರಣಾವ್ಯಯವೆಂದು ಕರೆದು ಅವುಗಳಿಗೊಂದು ಮರ್ಯಾದೆಯ ಸ್ಥಾನ ಕೊಟ್ಟಿದೆ. ಭಾಷೆಯೊಂದು ತನ್ನ ಸುತ್ತಲಿನ ಲೋಕವನ್ನು ತನ್ನ ಕಿವಿಯಿಂದಲೇ ಕೇಳಿದೆ ಎಂಬುದಕ್ಕೆ ಅವು ಸಾಕ್ಷಿ. ಈ ಕೃತಿಯನ್ನು ಅನುವಾದಿಸುವವರು ಬೇರೆ ಏನನ್ನು ಹಾಗೆಯೇ ಉಳಿಸಿಕೊಂಡರೂ ನಾಯಕನ ಆಯುಧವನ್ನು ಮಾತ್ರ ತಮ್ಮ ಭಾಷೆಯಲ್ಲಿಯೇ ಮತ್ತೆ ಹುಟ್ಟಿಸಬೇಕಾಗುತ್ತದೆ.

ಗಡಿನಾಡಿನ ಕನ್ನಡ ಮಗು ಆ ಕೂಗನ್ನು ಯಾವ ಭಾಷೆಯಲ್ಲಿ ಕೇಳುತ್ತಿದೆ? ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪರದೆಯ ಮೇಲೆ ಹಿಂದಿ ಎಂಬ ವಿಂಗಡಣೆಯಲ್ಲಿ ಆ ಮಗು ಬೆಳೆಯುತ್ತಿದೆ. ಡೊರೆಮಾನ್ ಆಗಲಿ ಶಿನ್‌ಚಾನ್ ಆಗಲಿ ಅದಕ್ಕೆ ಬಹುಮಟ್ಟಿಗೆ ಹಿಂದಿಯಲ್ಲಿಯೇ ಮಾತನಾಡಿದ್ದಾರೆ. ಬೇರೆ ಭಾಷೆಗಳ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದರ ವಿರುದ್ಧ ದಶಕಗಳ ಕಾಲ ಒಂದು ಅಘೋಷಿತ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಂಥ ತಡೆ ಸಲ್ಲದೆಂದು ತೀರ್ಪಿತ್ತಿತು. ಆ ತಡೆಯ ಹಿಂದೆ ಕನ್ನಡ ಚಿತ್ರರಂಗದ ಕಲಾವಿದರ, ಕಾರ್ಮಿಕರ ಅನ್ನದ ಪ್ರಶ್ನೆಯಿತ್ತೆಂಬುದನ್ನು ಮರೆಯಲಾಗದು. ಆದರೆ ಅದರ ಬೆಲೆಯ ಒಂದು ಪಾಲನ್ನು ತೆತ್ತವರು ಮಕ್ಕಳು. ಲೋಕದ ಹೊಸ ಕಥೆಗಳು ಕನ್ನಡದಲ್ಲಿ ಬರುವುದಿಲ್ಲವೆಂದು ಅವರು ಎಳವೆಯಲ್ಲಿಯೇ ಕಲಿತರು. ಕನ್ನಡವೆಂದರೆ ಪರೀಕ್ಷೆ, ಹಿಂದಿಯೆಂದರೆ ಸಂತೋಷ ಎಂಬ ಸಮೀಕರಣ ಒಮ್ಮೆ ಮನಸ್ಸಿನಲ್ಲಿ ಕೂತ ಮೇಲೆ ರಾಜ್ಯೋತ್ಸವದ ಭಾಷಣಗಳಿಂದ ಅದನ್ನು ಎಬ್ಬಿಸುವುದು ಕಷ್ಟ.

ಕಾಲೇಜಿನ ಕನ್ನಡ ವಿಭಾಗಗಳು ಡಬ್ಬಿಂಗ್ ಸ್ಟುಡಿಯೋಗಳನ್ನು ತೆರೆಯಲಾರವು. ಆದರೆ ಒಂದು ತರಗತಿಯ ಅವಧಿಯನ್ನು ತೆರೆಯಬಲ್ಲವು. ‘ಯಶೋಧರ ಚರಿತೆ’ಯ ಹಿಟ್ಟಿನ ಹುಂಜದ ಪ್ರಸಂಗವನ್ನು ಪಾಠ ಮಾಡುವ ದಿನ, ಈ ಜಪಾನೀ ಹುಂಜದ ಒಂದು ಕಂತನ್ನು ಪಕ್ಕದಲ್ಲಿಡಬಹುದು. ಎರಡೂ ಕಡೆ ಹಕ್ಕಿ ಕೂಗುವುದೇಕೆ, ಕೂಗಿದ ಮೇಲೆ ಯಾರು ಬದಲಾಗುತ್ತಾರೆ ಎಂದು ಕೇಳಬಹುದು. ಆಮೇಲೆ ಆ ಕಂತಿನ ನಾಲ್ಕು ಸಂಭಾಷಣೆಗಳನ್ನು ಕನ್ನಡಕ್ಕೆ ತರಲು ವಿದ್ಯಾರ್ಥಿಗಳಿಗೇ ಕೊಡಬಹುದು. ಗ್ರಂಥದ ಕನ್ನಡಕ್ಕಲ್ಲ, ಅವರವರ ಊರಿನ ಕನ್ನಡಕ್ಕೆ. ಬಿಗುಮಾನದ ಆ ಹುಂಜ ಜತ್ತದ ಕನ್ನಡದಲ್ಲಿ ಹೇಗೆ ಮಾತನಾಡೀತು, ಅಕ್ಕಲಕೋಟೆಯ ಕನ್ನಡದಲ್ಲಿ ರಾಕ್ಷಸನಿಗೆ ಏನು ಹೇಳೀತು ಎಂಬುದನ್ನು ಅವರೇ ಬರೆದು ಓದಲಿ. ತರಗತಿ ನಗುತ್ತದೆ, ನಗಬೇಕು. ಹಿಂದಿನ ಬೆಂಚಿನ ಹುಡುಗ ಆ ದಿನ ಮೊದಲ ಬಾರಿಗೆ ಕನ್ನಡ ನಿಘಂಟು ತೆರೆದರೆ, ಆ ಅವಧಿ ವ್ಯರ್ಥವಾಯಿತೆಂದು ಯಾವ ವಿದ್ವಾಂಸರೂ ಹೇಳಲಾರರು.